ಕಳೆದದ್ದಕ್ಕೊಂದು ಕಾಲಂ

ಹೋದ ತಿಂಗಳು ನನ್ನ ಚಿಕ್ಕಮ್ಮನ ಮಗಳು ಪುಣೆಯ ಹಡಪಸರದ ಆಚೆ ಬಾಡಿಗೆಗೆ ಹಿಡಿದ ಮನೆ ನೋಡಲು ಹೋಗಿದ್ದೆ. ಲಿಫ್ಟ್ ಇನ್ನೂ ಶುರುವಾಗಿರಲಿಲ್ಲ. ಮೂರನೆಯ ಮಹಡಿಯಲ್ಲಿ ಯಾರದೋ ಮನೆಯ ನೆಲಕ್ಕೆ ಪಾಲಿಶ್ ಹೊಡೆಯುತ್ತಿದ್ದರು. ಬಾಗಿಲ ಸಂದಿಯಿಂದ ಬಿಳಿ ರಾಡಿ ಹರಿದು ಮೆಟ್ಟಿಲಿಗೆ ಇಳಿದಿತ್ತು. ಅರೆದ ಕಲ್ಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಹೆಬ್ಬೆರಳು ತಾನಾಗಿ ತೋರುಬೆರಳನ್ನು ಉಜ್ಜತೊಡಗಿತು. "ಯಾಕಕ್ಕಾ, ಕೈಗೇನರೆ ಆಗ್ಯಾದೇನು?" ಅಂದಳು ತಂಗಿ. ಏನೂ ಇಲ್ಲ ಅಂದು ಮೇಲೆ ಹತ್ತಿದೆ.

ಆ ವಾಸನೆ ನನಗೆ ಹುಟ್ಟಿದಾಗಿನಿಂದ ಗೊತ್ತು. ಆದರೂ ಈಗ ಅದು ಬಂದಾಗಲೆಲ್ಲ ನೆನಪಾಗುವುದು ಒಂದೇ ಮಳೆಗಾಲ. ಜರ್ಮನಿಯ ವಿಂಕ್ಲರ್ ಸಾಹೇಬರು ಉಣ್ಣೆಯ ಕಾಲುಚೀಲದಲ್ಲಿ ಕಲ್ಲೊಂದನ್ನು ಕಟ್ಟಿಕೊಂಡು ಪುಣೆಗೆ ಬಂದ ಮಳೆಗಾಲ ಅದು. ಆ ಕಲ್ಲನ್ನು ನಾನು ಕೆಡಿಸಿದೆ. ಕಲ್ಲು ಕೆಡಿಸಿದ್ದು ಸಣ್ಣದು ಅನ್ನಿಸುವಂಥದ್ದನ್ನೂ ಮಾಡಿದೆ.

ನಮ್ಮದು ಚಿತ್ತಾಪುರದ ಕಡೆಯ ಹಳ್ಳಿ. ಅಪ್ಪ ನೆಲಕ್ಕೆ ಹಾಸುವ ಫರಶಿ ಕಲ್ಲಿನ ಕೆಲಸಗಾರ. ಅಲ್ಲಿ ಖಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದವನು ಇಲ್ಲಿಗೆ ಬಂದು ಕಟ್ಟಡಗಳಲ್ಲಿ ಕಲ್ಲು ಕೂಡಿಸುವ, ತಿಕ್ಕುವ ಕೆಲಸ ಹಿಡಿದ. ನಾನು ಮರಾಠಿ ಶಾಲೆಯಲ್ಲಿ ಕಲಿತೆ, ರಜೆ ಬಂದರೆ ಅಪ್ಪನ ಜತೆ ಉಳಿ ಹಿಡಿದೆ. ಒಂದು ಕಲ್ಲನ್ನು ಎತ್ತಿಕೊಂಡರೆ ಮೊದಲು ಅದರ ಉಬ್ಬು-ತಗ್ಗು, ಗಂಟು, ಕೊಳಕು ಅಂಚುಗಳನ್ನು ತಟ್ಟಿ ತೆಗೆದು ಕೂರುವಂತೆ ಮಾಡಬೇಕು. ಅಪ್ಪ ಅದಕ್ಕೆ ಮೊಕ ತಗಿಯೂದು ಅನ್ನುತ್ತಿದ್ದ. ಮೊಕ ತೆಗೆಯದ ಕಲ್ಲು ಅವನ ಕಣ್ಣಿಗೆ ತಲೆ ಬಾಚದ ಮಗುವಿದ್ದಂತೆ, ನೋಡಿ ಸುಮ್ಮನಿರಲು ಆಗುತ್ತಿರಲಿಲ್ಲ. ಹನ್ನೆರಡನೆಯ ತರಗತಿ ಮುಗಿಸಿದ ಮೇಲೆ, ಕಲ್ಲಾದ ಗಿಡಗಳನ್ನು ಅಭ್ಯಾಸ ಮಾಡುವ ಒಂದು ಸಂಸ್ಥೆಯಲ್ಲಿ ಕಲ್ಲು ಕತ್ತರಿಸುವವರು ಬೇಕಾಗಿದ್ದಾರೆಂದು ಯಾರೋ ಹೇಳಿದರು. ಹೋಗಿ ಕೈ ತೋರಿಸಿದೆ. ತೆಗೆದುಕೊಂಡರು.

ಕೆಲಸ ಹೇಳಲು ಸುಲಭ. ಎಷ್ಟೋ ಕಾಲ ನೆಲದೊಳಗಿದ್ದು ಕಲ್ಲಾಗಿಹೋದ ಮರ, ಹಣ್ಣು, ಬೀಜ ನಮ್ಮಲ್ಲಿಗೆ ಬರುತ್ತವೆ. ವಜ್ರದ ಅಂಚಿನ ಗರಗಸದಲ್ಲಿ ಅದರಿಂದ ಒಂದು ಹೋಳು ತೆಗೆಯಬೇಕು. ಹೋಳನ್ನು ಗಾಜಿನ ಪಟ್ಟಿಗೆ ಅಂಟಿಸಿ, ಪುಡಿ ಹಾಕಿ, ನೀರು ಹಾಕಿ, ಬೆಳಕು ಅದರೊಳಗಿಂದ ಹಾಯುವ ತನಕ ಕೈಯಲ್ಲೇ ತಿಕ್ಕಬೇಕು. ಆಮೇಲೆ ಸೂಕ್ಷ್ಮದರ್ಶಕದಡಿ ಇಟ್ಟರೆ ಆ ಗಿಡದ ಒಂದೊಂದು ಕೋಶವೂ ಎದ್ದು ಕಾಣುತ್ತದೆ. ಅರ್ಧ ನಿಮಿಷ ಹೆಚ್ಚು ತಿಕ್ಕಿದರೆ ಗಾಜು ಮಾತ್ರ ಉಳಿಯುತ್ತದೆ. ನನ್ನ ಕೈ ಒಳ್ಳೆಯ ಕೈ ಎಂದು ಹೆಸರಾಗಿತ್ತು, ಆ ಹೆಸರು ನನ್ನ ತಲೆಗೂ ಏರಿತ್ತು. ಹುದ್ದೆ ಮಾತ್ರ ಖಾಯಂ ಅಲ್ಲ. ಪ್ರತಿ ವರ್ಷ ಸೆಪ್ಟೆಂಬರ್ ಕೊನೆಗೆ ನಮ್ಮ ವಿಭಾಗದ ವಸುಧಾ ಮೇಡಂ ಒಂದು ಕಾಗದಕ್ಕೆ ಸಹಿ ಹಾಕಿದರೆ ಇನ್ನೊಂದು ವರ್ಷ, ಇಲ್ಲವಾದರೆ ಮನೆ.

ವಿಂಕ್ಲರ್ ಸಾಹೇಬರು ಬಂದದ್ದು ಜೂನಿನಲ್ಲಿ, ಮೊದಲ ಮಳೆ ಬಿದ್ದ ವಾರ. ಎತ್ತರದ ಆಳು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ದೊಡ್ಡ ಪ್ರೊಫೆಸರ್ ಇರಬೇಕೆಂದುಕೊಂಡಿದ್ದೆ. "ಇಲ್ಲ, ನಾನು ನಿವೃತ್ತ ಸರಕಾರಿ ನೌಕರ," ಅಂದರು. ಜರ್ಮನಿಯ ಒಂದು ಕಲ್ಲಿದ್ದಲು ಊರಿನ ಗಣಿ ಕಚೇರಿಯಲ್ಲಿ ಇಡೀ ಆಯುಷ್ಯ ಫೈಲು ನೋಡಿದವರು. ಶನಿವಾರ, ಭಾನುವಾರ ಕಲ್ಲಾದ ಗಿಡಗಳನ್ನು ನೋಡಿದವರು. ಬೀಜಗಳ ವಿಷಯದಲ್ಲಿ ಅವರು ಬರೆದದ್ದನ್ನು ನಮ್ಮ ಮೇಡಂ ಓದಿ, ಇಬ್ಬರ ನಡುವೆ ವರ್ಷಗಟ್ಟಲೆ ಪತ್ರ ನಡೆದಿತ್ತು. ಅವರ ಇಂಗ್ಲಿಷ್ ಕಚೇರಿಯದು, ನನ್ನದು ಅಲ್ಲಿಲ್ಲಿ ಕೇಳಿ ಕಲಿತದ್ದು. ಇಬ್ಬರೂ ನಿಧಾನ ಮಾತಾಡುತ್ತಿದ್ದೆವು, ಅದರಿಂದ ಜಗಳಕ್ಕೆ ಅವಕಾಶ ಕಡಿಮೆ. ನನ್ನನ್ನು "ಫ್ರಾವ್ ಶರಣಮ್ಮ" ಅಂತ ಕರೆಯುತ್ತಿದ್ದರು, ಅವರ ಕಡೆ ಶ್ರೀಮತಿ ಅಂದ ಹಾಗೆ. ಅಷ್ಟು ಮರ್ಯಾದೆ ನನಗೆ ನಮ್ಮ ಓಣಿಯಲ್ಲೂ ಸಿಕ್ಕಿರಲಿಲ್ಲ.

ಕಾಲುಚೀಲದೊಳಗಿನ ಕಲ್ಲು ನಿಂಬೆಹಣ್ಣಿಗಿಂತ ತುಸು ದೊಡ್ಡದು, ಬೂದು ಬಣ್ಣದ್ದು. ಒಂದು ಕಡೆ ಚಕ್ಕೆ ಹಾರಿದಲ್ಲಿ ಒಳಗಿನ ಬೀಜದ ವರ್ತುಲ ಕಾಣುತ್ತಿತ್ತು, ಇನ್ನೊಂದು ತುದಿಯಲ್ಲಿ ಕಂದು ಬಣ್ಣದ ಒರಟು ಗಂಟು. ಅವರ ಊರಿನ ಹಳೆಯ ಗಣಿ ಶಾಲೆಯ ಕಪಾಟು ಖಾಲಿ ಮಾಡುವಾಗ ಅದು ಅವರಿಗೆ ಸಿಕ್ಕಿತ್ತಂತೆ. ಪೆಟ್ಟಿಗೆಯ ಮೇಲೆ ಒಂದೇ ಪದ: ಪೂನಾ. ಯಾರು ಕಳಿಸಿದರು, ಯಾವ ಗುಡ್ಡದ್ದು, ಗೊತ್ತಿಲ್ಲ. ಒಂದೇ ಒಂದು ಇದ್ದದ್ದರಿಂದ ಕತ್ತರಿಸಲು ಮನಸ್ಸು ಬಾರದೆ ಮೂವತ್ತು ವರ್ಷ ಮೇಜಿನ ಮೇಲೆ ಇಟ್ಟುಕೊಂಡಿದ್ದರು. ದಿನಾ ಸಂಜೆ ಕೈಯಲ್ಲಿ ಹಿಡಿದು ಕೂರುವ ರೂಢಿ.

"ಈಗ ಯಾಕೆ ಕತ್ತರಿಸುತ್ತೀರಿ?" ಅಂತ ಕೇಳಿದೆ. ನನಗೆ ಬಾಯಿ ಸುಮ್ಮನಿರದು.

"ಕಣ್ಣು," ಅಂದರು. "ನಿಮ್ಮ ಮುಖದ ಮಧ್ಯೆ ನನಗೆ ಒಂದು ಬೂದು ಕಲೆ ಕಾಣುತ್ತದೆ. ಕಿವಿ ಕಾಣುತ್ತವೆ, ಮೂಗು ಇಲ್ಲ. ಕಲೆ ದೊಡ್ಡದಾಗುತ್ತಿದೆ. ಮುಂದಿನ ಬೇಸಿಗೆಗೆ ಸೂಕ್ಷ್ಮದರ್ಶಕ ನನಗೆ ಪ್ರಯೋಜನಕ್ಕಿಲ್ಲ. ಒಳಗೆ ಏನಿದೆ ಅಂತ ಒಮ್ಮೆ ನೋಡಬೇಕು." ಸೆಪ್ಟೆಂಬರ್ ಕೊನೆಗೆ ಅವರ ವಿಮಾನ. ಅಷ್ಟರೊಳಗೆ ನೋಡಬೇಕು, ಮೇಡಂ ಜತೆ ಸೇರಿ ಬರೆಯಬೇಕು.

ಕತ್ತರಿಸುವ ಮೊದಲು ಅವರು ತಾವೇ ಮಾಡಿಕೊಂಡ ಒಂದು ಫಾರ್ಮ್ ತಂದಿಟ್ಟರು. ಪ್ರತಿ ಕತ್ತರಿಕೆಗೆ ಒಂದು ಹಾಳೆ. ಯಾವ ದಿಕ್ಕಿಗೆ ಕತ್ತರಿಸಿದ್ದು, ಏನು ಸಿಕ್ಕಿತು, ಕತ್ತರಿಸಿದವರು ಯಾರು, ನೋಡಿದವರು ಯಾರು. ಅದೆಲ್ಲ ಸರಿ. ನಡುವೆ ಇನ್ನೊಂದು ಕಾಲಂ ಇತ್ತು: ಕಳೆದದ್ದು. ನನಗೆ ನಗು ಬಂತು. ಪುಣೆಯ ಎಷ್ಟೋ ಕಚೇರಿಗಳಲ್ಲಿ ಎಷ್ಟೋ ಫಾರ್ಮ್ ತುಂಬಿದ್ದೇನೆ, ಯಾವುದರಲ್ಲೂ ಇದನ್ನು ಕೇಳಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಆ ಕಾಲಂ ಯಾಕೆಂದು ಹೇಳಿದರು. ಅವರು ಹನ್ನೆರಡೂವರೆ ಹೊಡೆದರೆ ಬ್ರೆಡ್ಡಿನ ಡಬ್ಬಿ ತೆಗೆಯುತ್ತಿದ್ದರು. ಎರಡನೆಯ ವಾರಕ್ಕೇ ನನ್ನ ಜೋಳದ ರೊಟ್ಟಿ, ಶೇಂಗಾ ಹಿಂಡಿಗೆ ಬಿದ್ದರು. ರೊಟ್ಟಿ ಮುರಿಯುತ್ತ ಹೇಳಿದ್ದು ಇಷ್ಟು. ಗಣಿಯಿಂದ ತೆಗೆದ ಕಸದ ಕಲ್ಲೆಲ್ಲ ಊರ ಹೊರಗೆ ಗುಡ್ಡವಾಗಿ ಬಿದ್ದಿರುತ್ತಿತ್ತು. ಗಣಿ ಮುಚ್ಚಿದ ಮೇಲೆ ಅಂಥದೊಂದು ಗುಡ್ಡವನ್ನೂ ಅದರ ಅಡಿಯ ನೆಲವನ್ನೂ ಅಗೆದು ಸಪಾಟು ಮಾಡಿ ರಸ್ತೆ ತೆಗೆಯಲು ಅರ್ಜಿ ಬಂತು. ಫೈಲು ಇವರ ಮೇಜಿಗೆ. ಉಳಿಸಿಕೊಳ್ಳುವಂಥದ್ದು ಏನಾದರೂ ಇದೆಯೇ ಎಂಬ ಪ್ರಶ್ನೆಗೆ ಅಧಿಕಾರಿ ಸ್ವತಃ ನೋಡಿ ಉತ್ತರ ಬರೆಯಬೇಕು. ಅವತ್ತು ಶುಕ್ರವಾರ, ಹೊರಗೆ ಮಳೆ. ಹೊಸ ಬೂಟು ಹಾಕಿದ್ದರಂತೆ. ಹೋಗದೆ, ನೋಡದೆ, "ಏನೂ ಇಲ್ಲ" ಎಂದು ಬರೆದು ಸಹಿ ಮಾಡಿದರು.

"ಮೂರು ವಾರದ ಮೇಲೆ ನಾಯಿ ಕರೆದುಕೊಂಡು ಆ ಕಡೆ ಹೋದೆ. ಯಂತ್ರ ಗುಡ್ಡದ ಅರ್ಧ ತಿಂದಿತ್ತು. ಅಗೆದ ನೆಲದಲ್ಲಿ ಕಲ್ಲಿನ ಮರಗಳು ನಿಂತಿದ್ದವು, ಫ್ರಾವ್ ಶರಣಮ್ಮ. ಬುಡ, ಬೇರು, ಉದುರಿದ ಎಲೆ. ಒಂದು ಕಾಡಿನ ನೆಲ ಹಾಗೇ ಇತ್ತು. ಇನ್ನರ್ಧ ನನ್ನ ಸಹಿಯಿಂದ ರಸ್ತೆಯ ಕೆಳಗೆ ಹೋಯಿತು. ಯಂತ್ರದ ಮುಂದೆ ಓಡುತ್ತ ಚೀಲದಲ್ಲಿ ಸಿಕ್ಕಷ್ಟು ತುಂಬಿಕೊಂಡೆ. ಅದೇ ನನ್ನ ಮೊದಲ ಸಂಗ್ರಹ."

ಆಮೇಲೆ ಅವರು ಸಂಜೆ ತರಗತಿಗಳಿಗೆ ಹೋಗಿ ಸಸ್ಯಶಾಸ್ತ್ರ ಕಲಿತರು. ಸಭೆಗಳಲ್ಲಿ ಪ್ರೊಫೆಸರುಗಳು ಇವರನ್ನು ಗುಮಾಸ್ತ ಎಂದು ಹಿಂದೆ ನಗುತ್ತಿದ್ದರು, ಮುಂದೆ ಇವರ ಕಲ್ಲು ಕಡ ಕೇಳುತ್ತಿದ್ದರು. ಕಚೇರಿಯಲ್ಲಿ ಬಡ್ತಿ ಬಂದಾಗ ಬೇಡವೆಂದರು, ಮೇಲಿನ ಹುದ್ದೆಗೆ ಶನಿವಾರದ ಸಭೆ ಇರುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಮಲಗುವ ಕೋಣೆಗೂ ಕಲ್ಲಿನ ಡ್ರಾಯರುಗಳು ಬಂದವು. ಆ ಶುಕ್ರವಾರದ ಕಾಗದ ಸುಳ್ಳೆಂದು ಕಚೇರಿಯಲ್ಲಿ ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. "ಅದು ಇವತ್ತಿಗೂ ಫೈಲಿನಲ್ಲಿದೆ," ಅಂದರು. ಅದಕ್ಕೇ ತಮ್ಮ ಫಾರ್ಮಿನಲ್ಲಿ ಆ ಕಾಲಂ.

ಇದನ್ನೆಲ್ಲ ಕೇಳಿಸಿಕೊಂಡ ಮೇಲೂ ನಾನು ಆ ಕೆಲಸ ಮಾಡಿದೆ. ಗೊತ್ತಿಲ್ಲದೆ ಮಾಡಿದೆ ಅನ್ನಲು ನನಗೆ ಬಾಯಿಲ್ಲ.

ಜುಲೈ ಮೊದಲ ವಾರ, ಮೊದಲ ಕತ್ತರಿಕೆಯ ದಿನ. ಸಾಹೇಬರಿಗೆ ಊರೊಳಗಿನ ಕ್ಯಾಂಪ್ ಪ್ರದೇಶದ ಕಣ್ಣಿನ ಡಾಕ್ಟರರ ಬಳಿ ಹೋಗುವುದಿತ್ತು, ಮೇಡಂ ಕಾರಿನಲ್ಲಿ ಕರೆದುಕೊಂಡು ಹೋದರು. ಮೂರು ಗಂಟೆಗೆ ಬಂದು ಅವರ ಎದುರಿಗೇ ಕತ್ತರಿಸುವುದೆಂದು ಮಾತಾಗಿತ್ತು. ಅಷ್ಟರಲ್ಲಿ ನಾನು ಕಲ್ಲಿನ ನಾಲ್ಕು ಬದಿಯ ಫೋಟೊ ತೆಗೆದು, ಅದನ್ನು ಪ್ಲಾಸ್ಟರಿನಲ್ಲಿ ಕೂರಿಸಿಡಬೇಕು. ದುಂಡು ಕಲ್ಲು ಗರಗಸದ ಹಿಡಿತಕ್ಕೆ ನೇರವಾಗಿ ಕೂರುವುದಿಲ್ಲ. ಸುತ್ತ ಪ್ಲಾಸ್ಟರ್ ಗಟ್ಟಿಯಾದರೆ ಆ ಗಟ್ಟಿಯನ್ನು ಹಿಡಿದು ಕತ್ತರಿಸಬಹುದು. ಫೋಟೊ ತೆಗೆದೆ. ಪ್ಲಾಸ್ಟರ್ ಕಲಸಿದೆ. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ, ಗೋಡೆಗಳೇ ಬೆವರುತ್ತಿದ್ದವು. ಚೀಲ ಹಳೆಯದಿತ್ತೋ, ಥಂಡಿ ಹಿಡಿದಿತ್ತೋ, ಪ್ಲಾಸ್ಟರ್ ಮೊಸರನ್ನದಂತೆ ಕೂತುಬಿಟ್ಟಿತು. ಒಂದು ಗಂಟೆ, ಎರಡು ಗಂಟೆ ಕಾದೆ. ಬೆರಳಿಟ್ಟರೆ ಇಳಿಯುತ್ತಿತ್ತು.

ಇವತ್ತು ಆಗಲಿಲ್ಲ, ನಾಳೆ ಮಾಡೋಣ ಅನ್ನಬಹುದಿತ್ತು. ಆದರೆ ಒಳ್ಳೆಯ ಕೈ ಅನ್ನಿಸಿಕೊಂಡವಳು ನಾನು. ಎರಡೂವರೆಗೆ ಕಲ್ಲನ್ನು ಹೊರತೆಗೆದು ತೊಳೆದೆ. ಮರದ ಎರಡು ತುಂಡು ಕೊಟ್ಟು ಗರಗಸದ ಹಿಡಿತದಲ್ಲಿ ಕೂರಿಸಲು ನೋಡಿದೆ. ಆ ಕಂದು ಗಂಟು ಅಡ್ಡ ಬರುತ್ತಿತ್ತು. ಎಡಕ್ಕೆ ತಿರುಗಿಸಿದರೂ ಅದೇ, ಬಲಕ್ಕೆ ತಿರುಗಿಸಿದರೂ ಅದೇ. ಮುಂದಿನದನ್ನು ಯೋಚಿಸಿ ಮಾಡಿದೆ ಎಂದು ಹೇಳಲಾರೆ. ಕೈ ಸಣ್ಣ ಉಳಿ ಹುಡುಕಿತು, ಸುತ್ತಿಗೆ ಹುಡುಕಿತು. ಎರಡೇ ಪೆಟ್ಟು. ಗಂಟು ಎರಡು ಚೂರಾಗಿ ಹಾರಿತು. ಕಲ್ಲು ಅಲುಗಾಡದೆ ಕೂತಿತು. ಮೊಕ ತೆಗೆದಿದ್ದೆ. ಒಂದು ಕ್ಷಣ ಖುಷಿಯೂ ಆಯಿತು.

ಖುಷಿ ಇಳಿದ ಮೇಲೆ ಇದು ಫರಶಿ ಅಲ್ಲ ಎಂದು ಹೊಳೆಯಿತು. ಗೇಟಿನಲ್ಲಿ ಕಾರಿನ ಹಾರ್ನ್ ಕೇಳಿತು. ಚೂರುಗಳನ್ನು ಗರಗಸದ ಕೆಳಗಿನ ರಾಡಿಯ ತಟ್ಟೆಗೆ ತಳ್ಳಿದೆ. ಒಡೆದ ಜಾಗಕ್ಕೆ ಹಸಿ ಪ್ಲಾಸ್ಟರ್ ಮೆತ್ತಿದೆ. ಸಾಹೇಬರು ಒದ್ದೆ ಕೋಟಿನಲ್ಲೇ ಬಂದು ನನ್ನ ಪಕ್ಕ ನಿಂತರು, ಕುತ್ತಿಗೆ ಓರೆ ಮಾಡಿ ಕಣ್ಣಿನ ಮೂಲೆಯಿಂದ ನೋಡಿದರು. ಗರಗಸ ಬಿಟ್ಟೆ. ಕಲ್ಲು ಎರಡಾಯಿತು. ಎರಡು ಬೀಜದ ಕೋಣೆಗಳು, ಸುತ್ತ ನಾರಿನ ಸಿಪ್ಪೆ, ಎಲ್ಲ ಬರೆದಿಟ್ಟ ಹಾಗೆ ಸ್ಪಷ್ಟ. ಮೇಡಂ "ಅಗ ಬಾಯಿ" ಎಂದು ಮರಾಠಿಯಲ್ಲಿ ಬೆರಗುಪಟ್ಟು ಕೂತೇಬಿಟ್ಟರು.

ಫಾರ್ಮ್ ತುಂಬಲು ಕೂತೆವು. ಕಳೆದದ್ದು ಎಂಬಲ್ಲಿ "ಗರಗಸದ ಅಲಗಿನ ದಪ್ಪದಷ್ಟು" ಎಂದು ಬರೆದೆ.

"ಬೇರೇನಾದರೂ?" ಕೇಳಿದರು.

"ಇಲ್ಲ," ಅಂದೆ.

ಕತ್ತರಿಸಿದವರು ಎಂಬಲ್ಲಿ ನಾನು, ನೋಡಿದವರು ಎಂಬಲ್ಲಿ ಅವರು ಸಹಿ ಹಾಕಿದೆವು. ಅವತ್ತು ಸಂಜೆ ನಾಲ್ಕು ಫೋಟೊಗಳಲ್ಲಿ ಗಂಟು ಕಾಣುತ್ತಿದ್ದ ಒಂದನ್ನು ಅಳಿಸಿದೆ. ಮರುದಿನ ತಟ್ಟೆಯ ರಾಡಿಯನ್ನು ಎಂದಿನಂತೆ ಹಿತ್ತಲಿನ ಡ್ರಮ್ಮಿಗೆ ಸುರಿದೆ. ಯಾರಿಗೂ ಏನೂ ಗೊತ್ತಾಗಿರಲಿಲ್ಲ.

ಪ್ಲಾಸ್ಟರ್ ತೊಳೆದು ಎರಡು ಹೋಳುಗಳನ್ನು ಸಾಹೇಬರ ಕೈಗೆ ಕೊಟ್ಟಾಗ ಅವರ ಹೆಬ್ಬೆರಳು ಸೀದಾ ಆ ತುದಿಗೆ ಹೋಯಿತು. ಅಲ್ಲಿ ನಿಂತಿತು. ಹಿಂದೆ ಬಂತು, ಮತ್ತೆ ಹೋಯಿತು. ಅವರು ಹೋಳನ್ನು ತಿರುಗಿಸಿ ಇನ್ನೊಂದು ತುದಿ ಮುಟ್ಟಿದರು.

"ಇಲ್ಲಿ ಒಂದು ಗಂಟು ಇರಲಿಲ್ಲವೇ?"

ಮೇಡಂ ಫೋಟೊ ನೋಡಿದರು. ಮೂರರಲ್ಲೂ ಕಾಣಲಿಲ್ಲ. ಕಲ್ಲು ಬಂದ ದಿನ ಅವರು ಒಂದೆರಡು ನಿಮಿಷ ಕೈಯಲ್ಲಿ ಹಿಡಿದಿದ್ದರು ಅಷ್ಟೆ. "ನನಗೆ ನೆನಪಾಗುತ್ತಿಲ್ಲ," ಅಂದರು. ಸಾಹೇಬರು ನನ್ನ ಕಡೆ ತಿರುಗಿದರು. ಮೂಗು ಕಾಣದ ನನ್ನ ಮುಖವನ್ನು ಪಕ್ಕದಿಂದ ನೋಡಿದರು. ನಾನು ಭುಜ ಕುಣಿಸಿದೆ.

"ಹಾಗಾದರೆ ಬೇರೆ ಯಾವುದೋ ಕಲ್ಲಿನ ನೆನಪಿರಬೇಕು," ಅಂದರು. ನಗುವುದಕ್ಕೆ ನೋಡಿದರು.

ಅಲ್ಲಿಂದ ಏಳು ವಾರ ನಾನು ಸರಿಯಾಗಿ ಉಂಡಿಲ್ಲ. ಹೋಳು ತೆಗೆದೆ, ಅಂಟಿಸಿದೆ, ತಿಕ್ಕಿದೆ. ಅಂಥ ಸ್ಲೈಡುಗಳನ್ನು ನಾನು ಅದಕ್ಕೆ ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ. ಮೇಡಂ ಹೊಗಳಿದಷ್ಟೂ ನನಗೆ ಸಿಟ್ಟು ಬರುತ್ತಿತ್ತು, ಮನೆಯಲ್ಲಿ ಅಪ್ಪನ ಮೇಲೆ ಹರಿಹಾಯುತ್ತಿದ್ದೆ. ಸ್ಲೈಡುಗಳಲ್ಲಿ ಹಣ್ಣಿನ ನಾರುಗಳೆಲ್ಲ ಒಂದೇ ಕಡೆಗೆ ಓಡುತ್ತಿದ್ದವು, ನಾನು ಒಡೆದ ತುದಿಗೆ. ಅಲ್ಲಿ ಹಠಾತ್ತನೆ ಮುಗಿಯುತ್ತಿದ್ದವು. "ತೊಟ್ಟು ಇಲ್ಲೇ ಇದ್ದಿರಬೇಕು," ಅಂದರು ಮೇಡಂ. "ತೊಟ್ಟು ಹೇಗೆ ಕೂತಿತ್ತೆಂದು ಗೊತ್ತಾಗಿದ್ದರೆ ಇದು ಯಾವ ಕುಲದ ಹಣ್ಣು ಎಂದು ಹೇಳಬಹುದಿತ್ತು. ಪಾಪ, ಸಿಗುವ ಮೊದಲೇ ಮುರಿದಿದೆ."

ಸಾಹೇಬರು ಬದಲಾಗುತ್ತಿದ್ದರು, ಅದನ್ನು ನಾನು ದಿನಾ ನೋಡುತ್ತಿದ್ದೆ. ಒಂದು ಸಣ್ಣ ವಹಿ ಕೊಂಡರು. ಬೆಳಿಗ್ಗೆ ಮಾತ್ರೆ ನುಂಗಿದ್ದು, ಬಾಗಿಲಿಗೆ ಬೀಗ ಹಾಕಿದ್ದು, ಯಾರಿಗೆ ಏನು ಹೇಳಿದ್ದು, ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ಬರೆಯತೊಡಗಿದರು. "ಇವತ್ತು ಮಂಗಳವಾರ ತಾನೇ?" ಎಂದು ಎರಡೆರಡು ಸಲ ಕೇಳುತ್ತಿದ್ದರು. ಊಟದ ಹೊತ್ತಿಗೆ ಹಳೆಯ ಕತೆ ಹೇಳುವುದು ನಿಂತಿತು. ಕೇಳಿದರೆ, "ಅದು ಹಾಗೇ ನಡೆದಿತ್ತೆಂದು ನನಗೆ ಖಾತ್ರಿ ಇಲ್ಲ," ಅನ್ನುತ್ತಿದ್ದರು. ಹೆಬ್ಬೆರಳು ಮಾತ್ರ ಬಿಡಲಿಲ್ಲ. ಮಾತಾಡುವಾಗ, ಚಹಾ ಕುಡಿಯುವಾಗ, ಕಲ್ಲಿಲ್ಲದ ಕೈಯಲ್ಲೂ ತೋರುಬೆರಳಿನ ತುದಿಯನ್ನು ಉಜ್ಜಿ ಉಜ್ಜಿ ಹುಡುಕುತ್ತಿತ್ತು.

ಆಗಸ್ಟ್ ಕೊನೆಯ ಶುಕ್ರವಾರ ಅವರು ಮೇಡಂಗೆ ಹೇಳಿದ್ದು ನನಗೂ ಕೇಳಿಸಿತು. "ಟಿಕೆಟ್ ಮುಂಚೆ ಮಾಡಿಸಿದ್ದೇನೆ, ಮುಂದಿನ ಗುರುವಾರ ಹೊರಡುತ್ತೇನೆ. ಲೇಖನದಲ್ಲಿ ನನ್ನ ಹೆಸರು ಬೇಡ. ಮೂವತ್ತು ವರ್ಷ ಕೈಯಲ್ಲಿ ಹಿಡಿದ ಕಲ್ಲಿನಲ್ಲಿ ಇಲ್ಲದ್ದನ್ನು ನಾನು ಕಂಡೆ. ಕಣ್ಣು ಹೋಗುವುದು ಗೊತ್ತಿತ್ತು. ತಲೆಯೂ ಹೋಗುತ್ತದೆ ಎಂದು ಗೊತ್ತಿರಲಿಲ್ಲ. ತಂಗಿಗೆ ಬರೆದಿದ್ದೇನೆ, ಮನೆ ಮಾರಿ ಅವಳ ಊರಿನ ವೃದ್ಧಾಶ್ರಮಕ್ಕೆ ಹೋಗುತ್ತೇನೆ. ಕಲ್ಲುಗಳನ್ನು ಯಾರಾದರೂ ತೆಗೆದುಕೊಳ್ಳಲಿ."

ನಾನು ನಲ್ಲಿ ಬಿಟ್ಟು ಕೈ ತೊಳೆಯುತ್ತಲೇ ನಿಂತೆ.

ಮನೆಗೆ ಹೋದಾಗ ಅಪ್ಪ ಭಾನುವಾರದ ಜೇಜುರಿ ಯಾತ್ರೆಗೆ ಚೀಲ ಕಟ್ಟುತ್ತಿದ್ದ. ಅವನಿಗೆ ಅಲ್ಲಿಯ ಖಂಡೋಬನೂ ನಮ್ಮೂರ ಮೈಲಾರಲಿಂಗನೂ ಒಬ್ಬನೇ, ವರ್ಷಕ್ಕೊಮ್ಮೆ ಹೋಗಿ ಅರಿಶಿನದ ಭಂಡಾರ ಹಚ್ಚಿಕೊಂಡು ಬರದಿದ್ದರೆ ಆಗದು. ನಾನು ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿಬಿಟ್ಟೆ. ಹೇಳುತ್ತ ಅತ್ತೆ.

"ಗಂಟ ಬಡದ ತಗದಿ," ಅಂದ ಅಪ್ಪ ಕಡೆಗೆ. "ನಾ ಕಲಿಸಿದ್ದೇ ಅದ."

"ನೀ ಏನ್ ಮಾಡ್ತಿ ಅಪ್ಪಾ. ಬಡದಾಕಿ ನಾನು. ಸುಳ್ಳ ಬರದಾಕೀನೂ ನಾನು."

"ಹೇಳಿದ್ರ ನೌಕರಿ ಹೋಗ್ತದೇನು?"

"ಹೋಗ್ತದ."

ಅಪ್ಪ ಚೀಲದ ಗಂಟು ಬಿಚ್ಚಿದ. "ಆ ಮುದುಕ ತನ್ನ ತಲಿ ಕೆಟ್ಟದಂತ ತಿಳಕೊಂಡಾನಲ್ಲವ್ವಾ. ಅದು ಭಾಳ ಕೆಟ್ಟ ಆತು. ರಾಡಿ ಎಲ್ಲಿ ಚೆಲ್ಲಿದಿ?"

"ಹಿತ್ತಲ ಡ್ರಮ್ಮಿನ್ಯಾಗ. ಗಣಪತಿ ಹಬ್ಬದ ಮುಂದ ಒಯ್ತಾರ."

"ಇನ್ನಾ ಒಯ್ದಿಲ್ಲಲ್ಲ. ನಾಡಿದ್ದು ಹೋಗೂನು. ಮೈಲಾರಲಿಂಗ ಎಲ್ಲಿ ಓಡಿ ಹೋಗಂಗಿಲ್ಲ."

ಭಾನುವಾರ ಬೆಳಿಗ್ಗೆ ವಾಚ್‌ಮನ್‌ಗೆ ಹೇಳಿ ಒಳಗೆ ಹೋದೆವು. ಡ್ರಮ್ಮಿನ ತುಂಬ ಎರಡು ತಿಂಗಳ ರಾಡಿ, ಎಲ್ಲರ ಕಲ್ಲಿನದೂ. ತಳದಲ್ಲಿ ಮೊದಲನೆಯದು, ನನಗೆ ಬೇಕಾದದ್ದು. ಅಪ್ಪ ಹಿಟ್ಟಿನ ಹಳೆಯ ಜರಡಿ ತಂದಿದ್ದ. ನಾನು ಮಗ್ಗಿನಲ್ಲಿ ಎತ್ತಿ ಹಾಕುವುದು, ಅವನು ಜರಡಿ ಅಲ್ಲಾಡಿಸುವುದು, ಮೇಲಿಂದ ಮಳೆ ತೊಳೆಯುವುದು. ಮಧ್ಯಾಹ್ನದ ಹೊತ್ತಿಗೆ ನೂರಾರು ಚೂರು ರಾಶಿ ಬಿತ್ತು. ಎಲ್ಲ ಬೂದು, ಅರ್ಧಕ್ಕರ್ಧ ಪ್ಲಾಸ್ಟರಿನ ಉಂಡೆಗಳು. ಕಣ್ಣಿಗೆ ಎಲ್ಲ ಒಂದೇ. ನಾನು ಗೋಡೆಗೆ ಒರಗಿ ಕೂತುಬಿಟ್ಟೆ.

ಅಪ್ಪ ಒಂದೊಂದು ಚೂರನ್ನೂ ತೊಳೆದು ನಾಲಗೆಯ ತುದಿಗೆ ಮುಟ್ಟಿಸತೊಡಗಿದ. ಪ್ಲಾಸ್ಟರ್ ನಾಲಗೆಗೆ ಅಂಟುತ್ತದೆ, ಗಟ್ಟಿ ಕಲ್ಲು ಅಂಟುವುದಿಲ್ಲ. ಅಂಟಿದ್ದನ್ನು ಉಗುಳಿ ಎಸೆಯುತ್ತಿದ್ದ, ಅಂಟದ್ದನ್ನು ನನ್ನ ಕಡೆ ನೂಕುತ್ತಿದ್ದ. ವಾಚ್‌ಮನ್ ಬಂದು ನೋಡಿ ಹೋದ. ಅಂಟದ ಚೂರುಗಳನ್ನು ನಾನು ಒಂದೊಂದಾಗಿ ಒದ್ದೆ ಮಾಡಿ ಬೆಳಕಿಗೆ ಹಿಡಿದೆ. ನಾಲ್ಕು ಗಂಟೆಯ ಸುಮಾರಿಗೆ ಶೇಂಗಾ ಬೀಜದಷ್ಟು ಒಂದು ಚೂರಿನಲ್ಲಿ ಕಂದು ಬಣ್ಣ ಹೊರಬಂತು. ಒಳಗಿಂದ ಹೋಳು ತಂದು ಕೂಡಿಸಿ ನೋಡಿದೆ. ಕೂತಿತು. ಇನ್ನೊಂದು ಚೂರಿಗಾಗಿ ಕತ್ತಲಾಗುವವರೆಗೂ ಹುಡುಕಿದೆವು, ಸಿಗಲಿಲ್ಲ. ಅಪ್ಪನ ನಾಲಗೆ ಎರಡು ದಿನ ಉರಿಯುತ್ತಿತ್ತು.

ಸೋಮವಾರ ಸಾಹೇಬರೂ ಮೇಡಂ ಅವರೂ ಒಟ್ಟಿಗೆ ಇದ್ದಾಗ ಒಳಗೆ ಹೋದೆ. ಮೊದಲೇ ಹೇಳಿಕೊಂಡಿದ್ದ ಇಂಗ್ಲಿಷ್ ಎಲ್ಲ ಮರೆತುಹೋಯಿತು. ಹೋಳನ್ನೂ ಚೂರನ್ನೂ ಕೂಡಿಸಿ ಹಿಡಿದು ಸಾಹೇಬರ ಹೆಬ್ಬೆರಳನ್ನು ನಾನೇ ಹಿಡಿದು ಅದರ ಮೇಲಿಟ್ಟೆ.

"ಗಂಟು ಇತ್ತು," ಅಂದೆ. "ನಾನು ಒಡೆದೆ. ಫೋಟೊ ನಾನು ಅಳಿಸಿದೆ."

"ಅಗ ಶರಣಾ, ಹೇ ಕಾಯ್ ಕೇಲಸ್," ಅಂದರು ಮೇಡಂ. ಏನು ಮಾಡಿಬಿಟ್ಟೆ ನೀನು ಎಂದು ಅವರು ಕೂಗಿ ಹೇಳಿದ್ದರೆ ವಾಸಿ ಇತ್ತು, ಮೆಲ್ಲಗೆ ಹೇಳಿದರು.

ಸಾಹೇಬರ ಬೆರಳು ಆ ಚೂರಿನ ಮೇಲೆ ಹೋಗಿ ಬಂದು ಮಾಡುತ್ತಿತ್ತು. "ಇತ್ತು," ಅಂದರು. "ಇತ್ತು ಹಾಗಾದರೆ." ಅವರ ಕಣ್ಣಲ್ಲಿ ನೀರು ಬಂತು. ನಕ್ಕರು, ಜರ್ಮನ್ ಭಾಷೆಯಲ್ಲಿ ಏನೋ ಅಂದರು, ಜೇಬಿನಿಂದ ಆ ಸಣ್ಣ ವಹಿ ತೆಗೆದು ಮೇಜಿನ ಮೇಲೆ ಒಗೆದರು. ನನಗೆ ಎದೆ ಹಗುರಾಯಿತು, ಎಲ್ಲ ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ಅವರಿಗೆ ಸಿಟ್ಟು ಬಂದದ್ದು ಮರುದಿನ. ಹನ್ನೆರಡೂವರೆಗೆ ರೊಟ್ಟಿಯ ಡಬ್ಬಿ ತೆಗೆದು ಮುಂದೆ ನೂಕಿದೆ. ಅವರು ಅದನ್ನು ನಿಧಾನವಾಗಿ ಹಿಂದೆ ನೂಕಿದರು. "ಕಲ್ಲು ಒಡೆದದ್ದಕ್ಕಲ್ಲ," ಅಂದರು. "ಏಳು ವಾರ ನನ್ನನ್ನು ನೋಡುತ್ತ ಕೂತಿದ್ದಿರಿ." ನಾನು ಡಬ್ಬಿ ಮುಚ್ಚಿದೆ. ನಾಲ್ಕು ದಿನ ಅವರು ನನ್ನ ಜತೆ ಮಾತಾಡಲಿಲ್ಲ. ಟಿಕೆಟ್ಟನ್ನು ಮಾತ್ರ ಮತ್ತೆ ಸೆಪ್ಟೆಂಬರ್ ಕೊನೆಗೆ ತಳ್ಳಿಸಿದರು, ತಂಗಿಗೆ ಫೋನ್ ಮಾಡಿ ಮನೆ ಮಾರುವುದಿಲ್ಲ ಎಂದರು.

ಐದನೆಯ ದಿನ ಆ ಚೂರನ್ನು ಕತ್ತರಿಸುವ ಮಾತು ಬಂತು. ಮೇಡಂ ಅದನ್ನು ಬೇರೆ ಊರಿನ ಲ್ಯಾಬಿಗೆ ಕಳಿಸುವುದೆಂದರು. "ಬೇಡ," ಅಂದರು ಸಾಹೇಬರು. "ಫ್ರಾವ್ ಶರಣಮ್ಮನೇ ಕತ್ತರಿಸಲಿ. ಈಗ ಅವರ ಕೈಗೆ ಹೆದರಿಕೆ ಗೊತ್ತು." ಮೂರು ದಿನ ತಿಕ್ಕಿದೆ. ಸ್ಲೈಡನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಸಾಹೇಬರು ಕುತ್ತಿಗೆ ಓರೆ ಮಾಡಿ ಬಹಳ ಹೊತ್ತು ನೋಡಿದರು. ಹಣ್ಣು ತೊಟ್ಟಿಗೆ ಕೂತಿದ್ದ ಜಾಗ ಅಲ್ಲಿತ್ತು, ಅರ್ಧ ಮಾತ್ರ. ಮೇಡಂಗೆ ಅದರ ಕುಲ ಹೇಳಲು ಅಷ್ಟು ಸಾಕಾಯಿತು. ಇನ್ನರ್ಧ ಇದ್ದಿದ್ದರೆ ಇನ್ನೂ ಏನು ಗೊತ್ತಾಗುತ್ತಿತ್ತೋ, ಅದನ್ನು ಯಾರೂ ನನ್ನೆದುರು ಎತ್ತಲಿಲ್ಲ. ನನ್ನ ಕಾಗದಕ್ಕೆ ಮೇಡಂ ಸಹಿ ಹಾಕಿದರು, ಆದರೆ ಮುಂದಿನ ಆರು ತಿಂಗಳು ಗರಗಸ ಮುಟ್ಟಲು ಬಿಡಲಿಲ್ಲ. ಡ್ರಾಯರುಗಳ ಧೂಳು ಒರೆಸಿದೆ.

ಹೊರಡುವ ದಿನ ಸಾಹೇಬರು ಮೊದಲ ಫಾರ್ಮನ್ನು ತೆಗೆದು ನನ್ನ ಮುಂದಿಟ್ಟರು. ಕಳೆದದ್ದು ಎಂಬಲ್ಲಿ ನಾನು ಬರೆದದ್ದು ಹಾಗೇ ಇತ್ತು. ಅದನ್ನು ಹೊಡೆದುಹಾಕಲು ಪೆನ್ನು ಎತ್ತಿದೆ.

"ಹೊಡೆಯಬೇಡಿ. ಅದರ ಕೆಳಗೆ ಬರೆಯಿರಿ. ನಿಮ್ಮ ಭಾಷೆಯಲ್ಲಿ ಬರೆಯಿರಿ. ಇಂಗ್ಲಿಷಿನಲ್ಲಿ ಬರೆದರೂ ಈಗ ನನಗೆ ಓದಲಾಗದು."

ನಾನು ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಅಕ್ಷರಗಳನ್ನು ಅಪ್ಪ ಫರಶಿಯ ಮೇಲೆ ಸೀಮೆಸುಣ್ಣದಲ್ಲಿ ತಿದ್ದಿಸಿದ್ದ. ಆ ಅಕ್ಷರಗಳಲ್ಲಿ ಬರೆದೆ: ತುದಿಯ ಗಂಟು ಹೋಗಿದೆ. ಯಾರನ್ನೂ ಕೇಳದೆ ನಾನು ಒಡೆದೆ. ಮೇಲಿನ ಸಾಲು ಸುಳ್ಳು. ಒಂದು ಚೂರು ಸಿಕ್ಕಿತು, ಒಂದು ಸಿಗಲಿಲ್ಲ. ಶರಣಮ್ಮ.

"ಓದಿ," ಅಂದರು. ಕನ್ನಡದಲ್ಲೇ ಓದಿದೆ, ಆಮೇಲೆ ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಇನ್ನೊಮ್ಮೆ ಕನ್ನಡದಲ್ಲಿ ಓದಿಸಿದರು. ಹೊರಗೆ ವಿಮಾನ ನಿಲ್ದಾಣದ ಟ್ಯಾಕ್ಸಿ ಬಂದು ನಿಂತಿತ್ತು. ಅವರು ಪೆನ್ನು ತೆಗೆದು, ಕಾಗದಕ್ಕೆ ಮುಖ ತಾಗುವಷ್ಟು ಬಗ್ಗಿ, ಕೆಳಗಿನ ಸಾಲನ್ನು ಬೆರಳಿನಿಂದ ಹುಡುಕಿದರು. ಜುಲೈಯಲ್ಲಿ ತಾವೇ ಸಹಿ ಹಾಕಿದ್ದ ಜಾಗ ಅದು. ನೋಡಿದವರು ಎಂದು ಅಚ್ಚಾಗಿದ್ದ ಪದದ ಮೇಲೆ ಒಂದು ಗೆರೆ ಎಳೆದರು. ಅದರ ಪಕ್ಕದಲ್ಲಿ ದೊಡ್ಡ, ವಕ್ರ ಇಂಗ್ಲಿಷ್ ಅಕ್ಷರಗಳಲ್ಲಿ ಕೇಳಿಸಿಕೊಂಡವರು ಎಂದು ಬರೆದು, ಹೊಸದಾಗಿ ಸಹಿ ಹಾಕಿದರು.